ಹತ್ತಿಯ ಹೊಲದಲ್ಲಿ ನಿಸರ್ಗದ ಆಯ್ಕೆ

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ಮೂರು ಮಹಾವೃಕ್ಷಗಳನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಜನ ಅವನ್ನು ದೊಡ್ಡ ಹುಣಸೆ ಎಂದು ಕರೆದರೂ ಅವು ಹುಣಸೆಯ ಜಾತಿಗೆ ಸೇರಿದವಲ್ಲ. ಆಫ್ರಿಕಾ ಮೂಲದ ಬಾವೊಬಾಬ್ ಮರಗಳು. ಶತಮಾನಗಳ ಮಳೆಗಾಳಿಯನ್ನು ತಡೆದುಕೊಂಡ ಆ ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತು. ಅದನ್ನು ಎತ್ತಿ ಮತ್ತೆ ನೆಟ್ಟರು. ಇನ್ನು ಅದೇ ಸೀಮೆಯ ಎರೆಹೊಲಗಳಲ್ಲಿ ಹತ್ತಿಯ ಕಾಯಿಯೊಳಗೆ ಅಡಗಿ ಕೂಡುವ ಗುಲಾಬಿ ಬಣ್ಣದ ಹುಳುವನ್ನು ನೋಡಿರಿ. ಬೆಳೆಯ ಕಾಲದಲ್ಲಿ ಅದರ ಒಂದು ತಲೆಮಾರು ತಿಂಗಳ ಆಚೀಚೆಗೆ ಮುಗಿದುಹೋಗುತ್ತದೆ. ಇವೆರಡರಲ್ಲಿ ಗಟ್ಟಿ ಯಾವುದು?

ಒಂದು ಜೀವಿಯ ಆಯುಸ್ಸನ್ನು ಎಣಿಸಿದರೆ ಮರವೇ ಗಟ್ಟಿ. ಆದರೆ ಕುಲದ ಬಾಳು ಬೇರೆ. ಕುಲ ಉಳಿಯುವುದು ಅದರೊಳಗಿನ ವೈವಿಧ್ಯದಿಂದ. ಒಂದೇ ಜಾತಿಯ ಹುಳುಗಳೆಲ್ಲ ನಮ್ಮ ಕಣ್ಣಿಗೆ ಒಂದೇ ಬಗೆಯಾಗಿ ಕಂಡರೂ ತಾಯಿತಂದೆಗಳಿಂದ ಬಂದ ವಂಶವಾಹಿಗಳಲ್ಲಿ ಸಣ್ಣಪುಟ್ಟ ಭೇದಗಳಿರುತ್ತವೆ. ಕಷ್ಟಕಾಲ ಬಂದಾಗ ಯಾವ ಭೇದ ಪ್ರಯೋಜನಕ್ಕೆ ಬರುತ್ತದೆಯೋ ಅದುಳ್ಳವು ಉಳಿದು ಮರಿಮಾಡುತ್ತವೆ; ಉಳಿದವು ಅಳಿಯುತ್ತವೆ. ಡಾರ್ವಿನ್ 1859ರಲ್ಲಿ ಲೋಕದ ಮುಂದಿಟ್ಟ ನಿಸರ್ಗದ ಆಯ್ಕೆ ಎಂಬ ತತ್ತ್ವ ಇದೇ. ಇದನ್ನು ಕಾಣಲು ದೂರದ ದ್ವೀಪಗಳಿಗೆ ಹೋಗಬೇಕಾಗಿಲ್ಲ. ಸವಣೂರು, ಶಿಗ್ಗಾಂವಿ, ಹಿರೇಕೆರೂರು, ಹಾನಗಲ್ಲುಗಳ ರೈತರು ಇದರ ಫಲವನ್ನು ತಮ್ಮ ಹತ್ತಿಯ ಹೊಲದಲ್ಲಿಯೇ ಕಾಣಬಲ್ಲರು.

2002ರಲ್ಲಿ ನಮ್ಮ ದೇಶದಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆಯಿತು. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯದ ವಂಶವಾಹಿಯನ್ನು ಹತ್ತಿಯಲ್ಲಿ ಸೇರಿಸಿದ್ದರಿಂದ, ಗಿಡವನ್ನು ತಿಂದ ಕಾಯಿಕೊರಕ ಸಾಯುತ್ತಿತ್ತು. ರೈತನಿಗೆ ಔಷಧಿ ಹೊಡೆಯುವ ಖರ್ಚು ತಗ್ಗಿತು. ಊರೂರಿಗೆ ಈ ಬೀಜ ಹಬ್ಬಿತು. ಆದರೆ 2010ರ ವೇಳೆಗೆ ಗುಜರಾತಿನ ಕೆಲವು ಜಿಲ್ಲೆಗಳಿಂದ ಬೇರೆ ಸುದ್ದಿ ಬಂತು: ಗುಲಾಬಿ ಕಾಯಿಕೊರಕ ಆ ವಿಷವನ್ನು ಅರಗಿಸಿಕೊಳ್ಳತೊಡಗಿತ್ತು. ಎರಡು ಬಗೆಯ ವಿಷವುಳ್ಳ ಹತ್ತಿ 2006ರಲ್ಲಿಯೇ ಬಂದಿದ್ದರೂ, ಮುಂದಿನ ವರ್ಷಗಳಲ್ಲಿ ಹುಳು ಅದನ್ನೂ ಗೆದ್ದಿತು. ಕರ್ನಾಟಕದ ಹೊಲಗಳಿಗೂ ಆ ಪೀಡೆ ತಲುಪಿತು.

ಹುಳು ಹೊಸ ವಿದ್ಯೆ ಕಲಿಯಿತೆ? ಇಲ್ಲ. ಹತ್ತು ಸಾವಿರ ಹುಳುಗಳಲ್ಲಿ ಎರಡು ಮೂರಕ್ಕೆ ಮಾತ್ರ ವಿಷ ತಗಲದ ಗುಣ ಮೊದಲೇ ಇತ್ತೆಂದು ಇಟ್ಟುಕೊಳ್ಳಿ. ಬಿ.ಟಿ. ಬರುವ ಮುಂಚೆ ಆ ಗುಣಕ್ಕೆ ಬೆಲೆಯಿರಲಿಲ್ಲ. ಊರ ತುಂಬ ಬಿ.ಟಿ. ಹತ್ತಿಯೇ ಆದಾಗ ಮಿಕ್ಕವೆಲ್ಲ ಸತ್ತವು. ಆ ಎರಡು ಮೂರೇ ಒಂದಕ್ಕೊಂದು ಜೋಡಿಯಾದವು. ಆಯ್ಕೆ ಮಾಡಿದ್ದು ನಿಸರ್ಗ. ಜರಡಿ ಹಿಡಿದವರು ನಾವು.

ಇದನ್ನು ವಿಜ್ಞಾನಿಗಳು ಮುಂಗಂಡಿದ್ದರು. ಈ ಗುಣ ಸಾಮಾನ್ಯವಾಗಿ ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಪೂರ್ತಿ ಫಲಿಸುತ್ತದೆ. ಆದುದರಿಂದ ಹೊಲದ ಸುತ್ತ ಬಿ.ಟಿ. ಅಲ್ಲದ ಹತ್ತಿಯ ಐದು ಸಾಲು, ಅಥವಾ ಹೊಲದ ಐದರಲ್ಲೊಂದು ಪಾಲು, ಯಾವುದು ಹೆಚ್ಚೋ ಅಷ್ಟನ್ನು ಬಿತ್ತಬೇಕೆಂಬ ನಿಯಮವಿತ್ತು. ಅಲ್ಲಿ ಬೆಳೆದ ಸಾಧಾರಣ ಪತಂಗಗಳು ಗಟ್ಟಿ ಪತಂಗಗಳೊಡನೆ ಕೂಡಿದರೆ ಮರಿಗಳು ಬಿ.ಟಿ.ಗೆ ಬಗ್ಗುತ್ತವೆ. 450 ಗ್ರಾಂ ಬಿ.ಟಿ. ಬೀಜದೊಡನೆ 120 ಗ್ರಾಂ ಸಾದಾ ಬೀಜದ ಪೊಟ್ಟಣ ಬರುತ್ತಿದ್ದುದು ಇದಕ್ಕಾಗಿಯೇ. ಹುಳುವಿಗಾಗಿ ಬೆಳೆ ಬಿಡುವುದೇ ಎಂದು ಎಷ್ಟೋ ಮಂದಿ ಆ ಪೊಟ್ಟಣವನ್ನು ಬಿತ್ತಲಿಲ್ಲ. ತುಂಡು ಹಿಡುವಳಿಯ ರೈತನಿಗೆ ಐದರಲ್ಲೊಂದು ಪಾಲು ಸಣ್ಣದಲ್ಲ. ಅವನನ್ನು ದೂರುವುದು ಸುಲಭ, ಕಾರಣವನ್ನು ಅವನಿಗೆ ತಿಳಿಯುವಂತೆ ಹೇಳುವುದೇ ಕಷ್ಟದ ಕೆಲಸ. ಅಮೆರಿಕದ ಅರಿಜೋನದಲ್ಲಿ ಸಾದಾ ಹತ್ತಿಗೆ ಜಾಗ ಬಿಟ್ಟರು. ಅನಂತರ ಸಂತಾನಶಕ್ತಿಯಿಲ್ಲದ ಪತಂಗಗಳನ್ನೂ ಹಾರಿಬಿಟ್ಟರು. 2018ರಲ್ಲಿ ಅಮೆರಿಕದ ಹತ್ತಿ ಸೀಮೆಯಿಂದ ಇದೇ ಹುಳು ನಿರ್ಮೂಲವಾಯಿತೆಂದು ಸಾರಲಾಯಿತು.

ಇನ್ನೊಂದು ಮಾತು. ಹಸಿರು ಕಾಯಿಕೊರಕ ಬಿ.ಟಿ.ಗೆ ಬಹುಕಾಲ ಬಗ್ಗಿ ನಡೆಯಿತು. ಅದು ತೊಗರಿ, ಕಡಲೆಗಳನ್ನೂ ತಿಂದು ಬದುಕುವುದರಿಂದ ಸಾಧಾರಣ ಹುಳುಗಳಿಗೆ ಅಲ್ಲಿ ನೆಲೆ ಸಿಕ್ಕಿತು. ಗುಲಾಬಿ ಹುಳುವಿಗೆ ಬಹುಮಟ್ಟಿಗೆ ಹತ್ತಿಯೇ ಗತಿ. ಹಲವು ಬೆಳೆ ಹಾಕುವ ನಮ್ಮ ಹಿರಿಯರ ಪದ್ಧತಿ ಎಷ್ಟು ದೊಡ್ಡ ರಕ್ಷೆಯೆಂಬುದು ಇದರಿಂದ ತಿಳಿಯುತ್ತದೆ.

ಈ ನಿಯಮ ಬೆಳೆಗೂ ಸಲ್ಲುತ್ತದೆ. ಸೊರಗು ರೋಗ ಬಿದ್ದ ಹೊಲದಲ್ಲಿ ಬಾಡದೆ ನಿಂತ ನಾಲ್ಕು ಗಿಡಗಳೇ ಮುಂದಿನ ತಳಿಗೆ ಆಧಾರ. ಧಾರವಾಡದಲ್ಲಿ ರೂಪುಗೊಂಡ ಜಯವಂತ ಹತ್ತಿ ಆ ರೋಗವನ್ನು ತಾಳುವ ಗುಣಕ್ಕೆ ಹೆಸರಾಗಿತ್ತು. ಆದರೆ ಒಂದೇ ಮಿಶ್ರತಳಿಯ ಹೊಲದಲ್ಲಿ ಗಿಡಗಳೆಲ್ಲ ಒಂದೇ ಅಚ್ಚಿನವು. ಒಂದಕ್ಕೆ ಬಂದ ಕೇಡು ಎಲ್ಲಕ್ಕೂ ಬಂದಂತೆ. ಆರಿಸಲು ನಿಸರ್ಗಕ್ಕೆ ಅಲ್ಲಿ ಏನೂ ಇರುವುದಿಲ್ಲ. ಹುಳುವಿನ ಕುಲದಲ್ಲಿ ವೈವಿಧ್ಯವುಂಟು, ನಮ್ಮ ಬೀಜದಲ್ಲಿ ಇಲ್ಲ, ಕಾಳಗ ಸಮವಲ್ಲ.

ಹೀಗಿರುವಾಗ ನೀವು ಮಾಡಬಹುದಾದುದೇನು? ಸಾದಾ ಹತ್ತಿಯ ಬೀಜ ಕೊಟ್ಟರೆ ಅದನ್ನು ಬಿತ್ತಿರಿ. ಈಚೆಗೆ ಎರಡನ್ನೂ ಒಂದೇ ಚೀಲದಲ್ಲಿ ಬೆರೆಸಿ ಕೊಡುವ ಕ್ರಮ ಬಂದಿದೆ, ಗಿಡಗಳಲ್ಲಿ ಭೇದ ಕಂಡರೆ ಕಿತ್ತೆಸೆಯಬೇಡಿರಿ. ಕೊನೆಯ ಬಿಡತಿ ಮುಗಿದ ಮೇಲೆ ಬೆಳೆಯನ್ನು ಬೇಸಿಗೆಯವರೆಗೆ ಎಳೆಯದೆ ಕಟ್ಟಿಗೆಯನ್ನು ಕಿತ್ತು ಹೊಲ ಹಸನುಮಾಡಿರಿ. ಅಂಟಿಕೊಂಡ ಜೋಡಿ ಬೀಜಗಳಲ್ಲಿಯೂ ಉಳಿದ ಕಾಯಿಗಳಲ್ಲಿಯೂ ಹುಳು ಮಲಗಿ ಮುಂದಿನ ಮಳೆಯ ದಾರಿ ಕಾಯುತ್ತದೆ. ಹತ್ತಿಯ ನಡುವೆ ತೊಗರಿಯ ಸಾಲನ್ನು ಬಿಡಬೇಡಿರಿ. ಮನೆಯಲ್ಲಿ ಹಳೆಯ ತಳಿಯ ಬೀಜವಿದ್ದರೆ ಒಂದು ಗುಂಟೆಯಲ್ಲಾದರೂ ಅದನ್ನು ಜೀವಂತವಾಗಿಡಿರಿ. ಇಂದು ಉಪಯೋಗವಿಲ್ಲವೆಂದು ತೋರುವ ಭೇದವೇ ನಾಳೆಯ ಕಷ್ಟದಲ್ಲಿ ಕುಲವನ್ನು ಕಾಯುವುದು.