ಹೊಳೆಯುವ ಕಾಗದದೊಳಗಿನ ಕಲ್ಲು

(ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಬರಹರೂಪ)



ಕಾಗದದ ಮಾತು ಬಂದೊಡನೆ ಮಲೆನಾಡಿನಲ್ಲಿ ನೆನಪಾಗುವುದು ಬಿದಿರು, ನೀಲಗಿರಿ ಮತ್ತು ಅಕೇಶಿಯಾ ನೆಡುತೋಪುಗಳು. ಅದು ಸಹಜವೇ. ಆದರೆ ಮದುವೆಯ ಕರೆಯೋಲೆ, ಬಣ್ಣದ ಕ್ಯಾಲೆಂಡರುಗಳಲ್ಲಿ ಮರದ ನಾರಿನ ಜೊತೆಗೆ ಇನ್ನೊಂದು ವಸ್ತುವೂ ಧಾರಾಳವಾಗಿದೆ: ಕಲ್ಲಿನ ಪುಡಿ. ಮುದ್ರಣಾಲಯದವರು ಆರ್ಟ್ ಪೇಪರ್ ಎನ್ನುವ ಲೇಪಿತ ಕಾಗದದ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಖನಿಜವೇ ಇರುತ್ತದೆ. ಸುಟ್ಟಾಗ ಅದು ಸಾಮಾನ್ಯ ವೃತ್ತಪತ್ರಿಕೆಯ ಹಾಳೆಗಿಂತ ಹೆಚ್ಚು ಬೂದಿಯನ್ನು ಉಳಿಸುವುದು ಈ ಕಾರಣದಿಂದ.

ಲೇಪನವಿಲ್ಲದ ಕಾಗದವೆಂದರೆ ನಾರುಗಳ ಹೆಣಿಗೆ. ಅದರ ಸಂದುಗಳಲ್ಲಿ ಶಾಯಿ ಇಳಿಯುತ್ತದೆ, ಹರಡುತ್ತದೆ, ಬಣ್ಣ ಮಂಕಾಗುತ್ತದೆ. ಆ ಸಂದುಗಳನ್ನು ಮುಚ್ಚಲೆಂದು ಕೆಯೋಲಿನ್ ಎಂಬ ಬಿಳಿ ಜೇಡಿಯನ್ನೋ ಸುಣ್ಣಕಲ್ಲಿನ ಪುಡಿಯನ್ನೋ ನೀರಿನಲ್ಲಿ ಕಲಸಿ ಬಳಿಯುತ್ತಾರೆ. ಕಣಗಳಲ್ಲಿ ಬಹುಪಾಲು 2 ಮೈಕ್ರಾನಿಗಿಂತ ಸಣ್ಣವು. ನೂರು ಪಾಲು ಪುಡಿಗೆ ಸುಮಾರು ಹತ್ತು ಪಾಲು ಅಂಟು. ಅದು ಪೆಟ್ರೋಲಿಯಂ ಮೂಲದ ಲೇಟೆಕ್ಸ್, ಕೆಲವೆಡೆ ಗಂಜಿ. ಚದರ ಮೀಟರಿಗೆ ಹತ್ತು ಗ್ರಾಂ ಲೇಪ ಕೊಟ್ಟರೆ ಪದರದ ದಪ್ಪ ತಲೆಗೂದಲಿನ ಹತ್ತರಲ್ಲೊಂದು ಪಾಲಿನಷ್ಟಾಗುತ್ತದೆ.

ಈ ಪದರದ ಗುಣ ನಿರ್ಧಾರವಾಗುವುದು ಅದು ಒಣಗುವಾಗ. ಗೋಡೆಗೆ ಶೇಡಿ ಬಳಿದವರಿಗೆ ಇದು ಹೊಸತಲ್ಲ: ಹಸಿಯಾಗಿದ್ದಾಗ ಹೊಳೆಯುವ ಮೈ ಒಂದು ಗಳಿಗೆಯಲ್ಲಿ ಮಂಕಾಗಿ ಬೆಳ್ಳಗಾಗುತ್ತದೆ. ಕಾಗದದ ಮೇಲೂ ಹಾಗೆಯೇ. ನೀರು ಮೇಲೆ ಗಾಳಿಗೂ ಕೆಳಗೆ ನಾರಿಗೂ ಹೋಗುತ್ತಿದ್ದಂತೆ ತೇಲುತ್ತಿದ್ದ ಕಣಗಳು ಒಂದನ್ನೊಂದು ತಾಗಿ ನಿಲ್ಲುತ್ತವೆ. ಅನಂತರ ಸಂದುಗಳೊಳಗೆ ಗಾಳಿ ಪ್ರವೇಶಿಸುತ್ತದೆ. ಈ ಎರಡರ ನಡುವಿನ ಅವಧಿ ಬಹಳ ನಾಜೂಕಿನದು. ಆಗ ಅತಿಯಾದ ಶಾಖ ಕೊಟ್ಟರೆ ಮೇಲೇರುವ ನೀರು ಅಂಟನ್ನೂ ಜೊತೆಗೆ ಒಯ್ಯುತ್ತದೆ. ಮೇಲ್ಮೈಯಲ್ಲಿ ಒಂದೆಡೆ ಅಂಟು ಹೆಚ್ಚಾಗಿ ಮತ್ತೊಂದೆಡೆ ಕಡಿಮೆಯಾಗುತ್ತದೆ. ಮುದ್ರಿತ ಚಿತ್ರದ ಆಕಾಶದಲ್ಲಿ ಮೋಡವಿಲ್ಲದೆಡೆ ಮೋಡದಂತಹ ಕಲೆಗಳು ಕಾಣಿಸಿದರೆ ಮುದ್ರಕನನ್ನು ಬೈಯುವುದು ವಾಡಿಕೆ. ತಪ್ಪು ಎಷ್ಟೋ ಸಲ ಕಾಗದ ಕಾರ್ಖಾನೆಯ ಒಣಗಿಸುವ ಯಂತ್ರದಲ್ಲಿ ಆಗಿರುತ್ತದೆ.

ಸಣ್ಣ ಸಂದಿನೊಳಗೆ ದ್ರವ ಹೇಗೆ ನುಗ್ಗುತ್ತದೆಂಬ ಲೆಕ್ಕವನ್ನು 1918ರಲ್ಲಿ ಲ್ಯೂಕಾಸ್, 1921ರಲ್ಲಿ ವಾಷ್‌ಬರ್ನ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಎರಡು ಪಟ್ಟು ಆಳಕ್ಕಿಳಿಯಲು ನಾಲ್ಕು ಪಟ್ಟು ಕಾಲ ಬೇಕು. ದ್ರವ ಮಂದವಾದಷ್ಟೂ ನಿಧಾನ. ಲೇಪನದ ರಂಧ್ರಗಳ ಅಗಲ ಮೈಕ್ರಾನಿನ ಹತ್ತರಲ್ಲೊಂದು ಪಾಲಿನ ಆಸುಪಾಸು. ಆಫ್‌ಸೆಟ್ ಶಾಯಿಯ ತೆಳು ಎಣ್ಣೆಯನ್ನು ಅವು ಹೀರಿಕೊಳ್ಳುತ್ತವೆ. ಬಣ್ಣದ ಕಣವೂ ರಾಳವೂ ಮೇಲೆಯೇ ಉಳಿಯುತ್ತವೆ. ಕಷಾಯ ಸೋಸಿದಾಗ ಚರಟ ಬಟ್ಟೆಯ ಮೇಲೆ ನಿಲ್ಲುವಂತೆ. ಚಿತ್ರ ಅಷ್ಟು ಉಜ್ವಲವಾಗಿ ಕಾಣುವುದು ಇದರಿಂದಲೇ.

ಇನ್ನು ಈ ಜೇಡಿಯ ಮೂಲ. ಕೆಯೋಲಿನ್ ಎಂಬ ಹೆಸರು ಚೀನಾದ ಜಿಯಾಂಗ್‌ಶಿ ಪ್ರಾಂತ್ಯದ ಗಾವೋಲಿಂಗ್‌ನಿಂದ ಬಂದದ್ದು. ಎತ್ತರದ ಏಣು ಎಂದೇ ಅದರ ಅರ್ಥ. ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ಹದಿನೆಂಟನೆಯ ಶತಮಾನದಿಂದ ಇದನ್ನು ತೋಡುತ್ತಿದ್ದಾರೆ. ಒಂದು ಟನ್ ಜೇಡಿ ತೆಗೆಯಲು ಹಲವು ಟನ್ ಮರಳು, ಕಲ್ಲು ಹೊರಬೀಳುತ್ತದೆ. ಆ ಬಿಳಿಯ ದಿಬ್ಬಗಳು ಇಂದಿಗೂ ಅಲ್ಲಿವೆ. ಸೇಂಟ್ ಆಸ್ಟೆಲ್ ಊರಿನ ಹೊಳೆ ಜೇಡಿಯಿಂದ ಬೆಳ್ಳಗೆ ಹರಿದು ಬಿಳಿ ನದಿಯೆಂದೇ ಹೆಸರಾಯಿತು. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಲ್ಲುವ ಮುನ್ನ ಭದ್ರೆಗೆ ಬಂದ ಹೂಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಮರುಬಳಕೆಯಲ್ಲಿಯೂ ಇದೇ ಕಥೆ. ನಾರು ಮತ್ತೆ ಕಾಗದವಾಗುತ್ತದೆ. ಲೇಪನದ ಪುಡಿಯಲ್ಲಿ ಬಹಳಷ್ಟು ಕೆಸರಾಗಿ ಹೊರಹೋಗುತ್ತದೆ. ಲೇಪನದ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರಂತೂ ತೊಂದರೆ ಇನ್ನೂ ಹೆಚ್ಚು. ಅದನ್ನು ಗುರುತಿಸುವುದು ಸುಲಭ: ಹರಿದಾಗ ಅಂಚಿನಲ್ಲಿ ತೆಳುಪೊರೆ ಜಗ್ಗುತ್ತದೆ, ಬರಿಯ ಲೇಪಿತ ಕಾಗದ ಹಾಗೆ ಜಗ್ಗುವುದಿಲ್ಲ. ಕಪ್ಪೆಯ, ಸೀತಾಳೆಯ ಬಣ್ಣದ ಚಿತ್ರಗಳಿಗೆ ನಾಲ್ಕು ಪುಟ ಆರ್ಟ್ ಪೇಪರ್ ಬಳಸಿದರೆ ಆಕ್ಷೇಪಿಸಬೇಕಾಗಿಲ್ಲ. ಕಾಡುಳಿಸುವ ಸಭೆಯ ಕರಪತ್ರಕ್ಕೆ ಅದು ಬೇಕಿಲ್ಲ. ಕಪ್ಪು ಅಕ್ಷರಗಳು ಸಾದಾ ಕಾಗದದ ಮೇಲೆಯೂ ಸ್ಪಷ್ಟವಾಗಿಯೇ ಮೂಡುತ್ತವೆ.