ಹಸುಗೂಸಿನ ಚರ್ಮಕ್ಕೆ ಬೇಕಾದ ಬಿಸುಪು

ಹಿರಿಯೂರು ತಾಲ್ಲೂಕಿನ ಹರಿಯಬ್ಬೆ, ಧರ್ಮಪುರದ ಕಡೆ ಯಾರ ಮನೆಯಲ್ಲಾದರೂ ಬಾಣಂತನ ನಡೀತಿದ್ದರೆ, ಇವತ್ತಿನ ಮಾತು ಮೊದಲು ನಿಮಗೆ.

ಹುಟ್ಟಿದ ಕೂಸಿನ ಮೈಮೇಲೆ ಬೆಣ್ಣೆ ಸವರಿದ ಹಾಗೆ ಬಿಳಿ ಲೇಪ ಇರುತ್ತಲ್ಲ, ಅದನ್ನ ಕೊಳೆ ಅಂತ ತಿಕ್ಕಿ ತೆಗೀಬೇಡಿ. ಅದರಲ್ಲಿ ನೂರಕ್ಕೆ ಸುಮಾರು 80 ಭಾಗ ನೀರು. ಉಳಿದದ್ದು ಕೊಬ್ಬು, ಪ್ರೋಟೀನು. ಆ ಪ್ರೋಟೀನುಗಳಲ್ಲಿ ಕೆಲವು, ರೋಗಾಣುಗಳನ್ನೇ ಕೊಲ್ಲುತ್ತವೆ. ಗರ್ಭದ ನೀರಲ್ಲೇ ಬೆಳೆದ ಚರ್ಮ ನಮ್ಮ ಈ ಒಣಗಾಳಿಗೆ ಬಂದು ಬಿರಿಯದ ಹಾಗೆ ಕಾಯೋದೂ ಅದೇ. ಮೊದಲ ಸ್ನಾನಕ್ಕೆ ಕನಿಷ್ಠ 24 ಗಂಟೆ ಕಾಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

ತಿಂಗಳು ತುಂಬಿ ಹುಟ್ಟಿದ ಕೂಸಿಗೆ ಚರ್ಮದ ಪದರಗಳೆಲ್ಲ ಇರುತ್ತವೆ. ಆದರೆ ಎಲ್ಲಕ್ಕಿಂತ ಮೇಲಿನ ಪದರ ದೊಡ್ಡವರದಕ್ಕಿಂತ ನೂರಕ್ಕೆ ಸುಮಾರು 30 ಭಾಗ ತೆಳು. ರೋಗಾಣು ತಡೆಯುವ ಚರ್ಮದ ಹುಳಿಗುಣ ಕೂಡ ಹುಟ್ಟಿದ ಮೇಲೆ ದಿನಗಳು, ವಾರಗಳು ಕಳೆದಂತೆ ಬರಬೇಕು. ಅಲ್ಲೀತನಕ ಕಡಲೆಹಿಟ್ಟು ಹಾಕಿ ಉಜ್ಜೋದು, ಕಟುವಾದ ಸೋಪು ಹಚ್ಚೋದು ಬೇಡ. ಎರೆಯೋ ಅಜ್ಜಿಯರೇ, ನಿಮ್ಮ ಕೈಯ ಅನುಭವ ದೊಡ್ಡದು. ಆ ಕೈ ಇನ್ನಷ್ಟು ಹಗುರಾಗಲಿ.

ಈಗ ಚಳಿಯ ಮಾತು. ತೂಕಕ್ಕೆ ಹೋಲಿಸಿದರೆ ಕೂಸಿನ ಮೈಹರವು ನಮ್ಮದರ ಸುಮಾರು ಮೂರು ಪಟ್ಟು. ಚರ್ಮದಡಿ ಕೊಬ್ಬು ಕಮ್ಮಿ, ನಡುಗಿ ಬಿಸಿಯಾಗೋಕೂ ಬರಲ್ಲ. ಕತ್ತು, ಬೆನ್ನಿನ ಕಡೆ ಇರೋ ಒಂದು ಬಗೆಯ ಕಂದು ಕೊಬ್ಬನ್ನು ಸುಟ್ಟುಕೊಂಡೇ ಅದು ಶಾಖ ಉಳಿಸಿಕೊಳ್ಳಬೇಕು. ದಿನ ತುಂಬದೆ ಹುಟ್ಟಿದ್ದರಂತೂ ಆ ಕೊಬ್ಬೂ ಸಾಲದು, ಚರ್ಮವೂ ನೀರು ಹಿಡಿಯದು.

ಇದನ್ನ ಹೇಳುವಾಗ ನಮ್ಮ ಭಾಗದ ಹಟ್ಟಿಗಳು ಕಣ್ಮುಂದೆ ಬರುತ್ತವೆ. ಸೂತಕ ಅಂತ ಬಾಣಂತಿಯನ್ನೂ ಕೂಸನ್ನೂ ಊರಾಚೆ ಗುಡಿಸಲಲ್ಲಿಡುವ ಪದ್ಧತಿ ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಮಳೆ ಚಳಿಯ ನಡುವೆ ಅಂಥ ಗುಡಿಸಲಲ್ಲಿದ್ದ ಹಸುಗೂಸು ತೀರಿಕೊಂಡಿತು. ಅಣ್ಣಂದಿರೇ, ಅಕ್ಕಂದಿರೇ, ಆ ತೆಳು ಚರ್ಮಕ್ಕೆ ಗಾಳಿ ತಡೆಯುವ ಶಕ್ತಿ ಯಾವ ದೇವರೂ ಹುಟ್ಟುವಾಗಲೇ ಕೊಟ್ಟಿರಲ್ಲ. ತಾಯಿ-ಕೂಸನ್ನ ಮನೆಯೊಳಗೇ ಇಟ್ಟುಕೊಳ್ಳಿ.

ಕೂಸನ್ನ ತಾಯಿಯ ಎದೆಗೆ ಬರಿಮೈಯಾಗಿ ಒರಗಿಸಿ, ಮೇಲೊಂದು ದುಪ್ಪಟಿ ಹೊದಿಸಿ, ತಲೆಗೆ ಕುಲಾವಿ ಹಾಕಿ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರ್ತಾರೆ. ಮೈಮೇಲೆ ಕೀವುಗುಳ್ಳೆ ಎದ್ದರೆ, ಹೊಕ್ಕಳ ಸುತ್ತ ಕೆಂಪಾದರೆ, ಪಾದದ ಜೊತೆ ಹೊಟ್ಟೆಯೂ ತಣ್ಣಗಿದ್ದರೆ ಅವರು ಬರೋವರೆಗೂ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.