ಬಂದವರಿಗೆಲ್ಲ ಒಂದು ಜೊತೆ ಕೋಲು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಟ್ಟ ಏಳು ದಿನಗಳ ಕೋಲಾಟ ಶಿಬಿರದ ಉದ್ಘಾಟನೆಯಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಶಿಬಿರಕ್ಕೆ ಹೆಸರು ಕೊಡಿ ಎಂದು ನಾವು ಮನೆಮನೆಗೆ ಹೋದಾಗ ಹೆಚ್ಚಿನವರು ಹೇಳಿದ್ದು ಒಂದೇ ಮಾತು: "ನಮಗೆ ಕುಣಿಯೋಕೆ ಬರಲ್ಲಪ್ಪ, ಬರೋರನ್ನ ಕರ್ಕೊಳ್ಳಿ." ಸುಗ್ಗಿ ಮುಗಿಸಿ ಬೆಳದಿಂಗಳಲ್ಲಿ ಕೋಲು ಹಿಡಿದ ಹಿಂದಿನವರು ಹೀಗೆ ಯೋಚಿಸಿದಂತಿಲ್ಲ. ಈ ಸಂಕೋಚ ಬಂದದ್ದು ವೇದಿಕೆಯಿಂದ ಎಂದು ನನ್ನ ಅನಿಸಿಕೆ. ವೇದಿಕೆ ಚಿಕ್ಕದು, 12 ಮಕ್ಕಳಷ್ಟೇ ಹಿಡಿಸುತ್ತಾರೆ. ಆದ್ದರಿಂದ ಆರಿಸಬೇಕಾಗುತ್ತದೆ. ಎಂಟನೇ ತರಗತಿಯಲ್ಲಿ ಆಯ್ಕೆಯಾಗದ ಹುಡುಗಿ ಮೂರು ವಾರ್ಷಿಕೋತ್ಸವಕ್ಕೂ ಕುರ್ಚಿ ಜೋಡಿಸಿ ಟಿ.ಸಿ. ತೆಗೆದುಕೊಂಡು ಹೋಗುತ್ತಾಳೆ. ಮುಂದೆ ತಾಯಿಯಾದಾಗ "ನಂಗೆ ಬರಲ್ಲ" ಎನ್ನುತ್ತಾಳೆ. ಅವಳಿಗೆ ಬರುತ್ತದೋ ಇಲ್ಲವೋ ಯಾರೂ ನೋಡಿರುವುದೇ ಇಲ್ಲ.

ಕೋಲಾಟ ವೇದಿಕೆಗಾಗಿ ಹುಟ್ಟಿದ್ದಲ್ಲ, ಬಯಲಿನದು. ಕೊಡಗಿನಲ್ಲಿ ಹುತ್ತರಿ ಹಬ್ಬಕ್ಕೆ ಗಂಡಸರು ಊರ ಮಂದ್‌ನಲ್ಲಿ ಕೋಲಾಟ ಆಡುತ್ತಾರೆ. ಆಂಧ್ರ, ತಮಿಳುನಾಡುಗಳಲ್ಲೂ ಕೋಲಾಟವಿದೆ. ಗುಜರಾತಿನ ದಾಂಡಿಯಾ ಇದರ ನೆಂಟನೇ. ಎಲ್ಲ ಕಡೆಯೂ ಆಟಕ್ಕೆ ಬೇಕಾದ್ದು ಸ್ವಲ್ಪ ಜಾಗ, ಒಬ್ಬರು ಹಾಡುವವರು, ಒಂದು ಮೊಳದಷ್ಟು ಉದ್ದದ ಎರಡು ಗಟ್ಟಿ ಕೋಲು.

ಇದನ್ನು ಕಟ್ಟಿದವರು ಜಾಣರು. 24 ಜನ ಇದ್ದಾರೆ ಎನ್ನಿ. ಒಳಸುತ್ತಿನಲ್ಲಿ 12, ಹೊರಸುತ್ತಿನಲ್ಲಿ 12, ಎದುರುಬದುರು. ನಮ್ಮ ಎರಡು ಕೋಲು ತಾವೇ ಒಮ್ಮೆ ತಾಗುತ್ತವೆ, ಆಮೇಲೆ ಎದುರಿನವರ ಕೋಲಿಗೆ ತಾಗುತ್ತವೆ. ಒಂದು ವರಸೆ ಮುಗಿದ ಕೂಡಲೆ ಹೊರಗಿನವರು ಒಂದು ಹೆಜ್ಜೆ ಪಕ್ಕಕ್ಕೆ. ಹೊಸ ಜೋಡಿ. 12 ಸಲ ಹೀಗೆ ಸರಿದರೆ ಹೊರಗಿನ ಪ್ರತಿಯೊಬ್ಬರೂ ಒಳಗಿನ ಪ್ರತಿಯೊಬ್ಬರ ಎದುರು ನಿಂತಿರುತ್ತಾರೆ. ಕಲಿಯುವವನಿಗೆ 12 ಜನ ಗುರುಗಳು ಸಿಕ್ಕ ಹಾಗೆ. ತಪ್ಪಿದರೆ ಮೇಷ್ಟ್ರು ಗದರಬೇಕಾಗಿಲ್ಲ, ಕೋಲಿನ ಸದ್ದೇ ಹೇಳುತ್ತದೆ. ಮುಂದಿನ ಹೊಡೆತಕ್ಕೆ ಸೇರಿಕೊಂಡರಾಯಿತು.

ಇನ್ನೊಂದು ಮಾತನ್ನು ಬಿಚ್ಚಿಯೇ ಹೇಳುತ್ತೇನೆ. ಹಿಂದೆ ಕೋಲಾಟದ ಮೇಳ ಎಂದರೆ ಬಹಳ ಕಡೆ ಒಂದು ಕೇರಿಯ ಮೇಳ. ಆ ಕೇರಿಯವರು ಆಡುವಾಗ ಈ ಕೇರಿಯವರು ದೂರ ನಿಂತು ನೋಡುತ್ತಿದ್ದರು. ಈ ಶಿಬಿರದ ಪಟ್ಟಿಯಲ್ಲಿ ಊರಿನ ಎಲ್ಲ ಕೇರಿಯವರೂ ಇದ್ದಾರೆ. ಸುತ್ತು ತಿರುಗುವಾಗ ನನ್ನ ಎದುರಿಗೆ ಯಾರು ಬರಬೇಕು ಎಂದು ಆರಿಸಿಕೊಳ್ಳುವ ಹಾಗಿಲ್ಲ. ಕೋಲು ಚಾಚಲೇಬೇಕು. ಭಾಷಣದಲ್ಲಿ ಸಮಾನತೆ ಹೇಳುವುದು ಸುಲಭ. ಇಲ್ಲಿ ತಾಳ ತಪ್ಪದಂತೆ ಅದನ್ನು ಮಾಡಬೇಕು. ಅದಕ್ಕೇ "ನಮ್ಮ ನಮ್ಮವರೇ ಒಂದು ಗುಂಪು ಮಾಡಿಕೊಳ್ಳುತ್ತೇವೆ" ಎಂದು ಬಂದ ಕೇಳಿಕೆಯನ್ನು ಒಪ್ಪಬೇಡಿ ಎಂದು ಸಮಿತಿಯನ್ನು ಕೋರಿದ್ದೇನೆ.

ಹಾಗೆಯೇ ಬಲ್ಲವರದೊಂದು ಸಾಲು, ಬಾರದವರದೊಂದು ಸಾಲು ಬೇಡ. ಬಾರದವರನ್ನೆಲ್ಲ ಒಟ್ಟಿಗೆ ನಿಲ್ಲಿಸಿದರೆ ಯಾರ ಕಿವಿಯಲ್ಲೂ ತಾಳ ಇರುವುದಿಲ್ಲ, ವಾರವಾದರೂ ಕಲಿಯುವುದಿಲ್ಲ. ಇಬ್ಬರು ಹೊಸಬರ ನಡುವೆ ಒಬ್ಬ ಬಲ್ಲವರು ಇರಲಿ. ಮಂಡಿನೋವಿನ ಅಜ್ಜಿಯರು ಹಾಡಿಗೂ ತಾಳಕ್ಕೂ ಕೂತುಕೊಳ್ಳಲಿ. ಅವರ ಹಾಡಿಲ್ಲದೆ ನಮ್ಮ ಹೆಜ್ಜೆ ಏಳುವುದಿಲ್ಲ.

ಕೊನೆಯ ಎರಡು ದಿನ ಜಡೆ ಕೋಲಾಟ. ಮೇಲೆ ಕಟ್ಟಿದ ಬಳೆಯಿಂದ ಬಣ್ಣಬಣ್ಣದ ಹಗ್ಗಗಳು ಇಳಿಬಿದ್ದಿರುತ್ತವೆ. ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಕೋಲು. ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ. ಎದುರು ಬಂದ ಒಬ್ಬರ ಒಳಗಿನಿಂದ, ಮುಂದಿನವರ ಹೊರಗಿನಿಂದ ಹಾಯಬೇಕು. ಹೀಗೆ ಹೋದಂತೆ ಮೇಲಿನಿಂದ ಜಡೆ ಹೆಣೆದುಕೊಂಡು ಇಳಿಯುತ್ತದೆ. ಚಂದ ಕಾಣುವುದು ಆಗಲೇ. ಆದರೆ ಕಷ್ಟ ಇರುವುದು ಬಿಚ್ಚುವಾಗ. ಎಲ್ಲರೂ ಹಿಂತಿರುಗಿ ಬಂದ ದಾರಿಯಲ್ಲೇ ಹೋಗಬೇಕು. ಹೆಣೆಯುವಾಗ ಒಬ್ಬರು ಒಳಗೆ ಹೋಗಬೇಕಾದಲ್ಲಿ ಹೊರಗೆ ಹೋಗಿದ್ದರೆ ಗಂಟು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಎಲ್ಲರೂ ನಿಲ್ಲಬೇಕು. ಎಷ್ಟೇ ಚೆನ್ನಾಗಿ ಕುಣಿಯುವವರೂ ಒಬ್ಬರೇ ಅದನ್ನು ಬಿಡಿಸಲಾರರು.

ಸಮಿತಿಯವರಲ್ಲಿ ಒಂದೇ ವಿನಂತಿ. ಮಹೋತ್ಸವದ ದಿನ "ಚೆನ್ನಾಗಿ ಆಡುವ 12 ಜನರನ್ನು ವೇದಿಕೆಗೆ ಕಳಿಸಿ" ಎನ್ನಬೇಡಿ. ವೇದಿಕೆ ಗಣ್ಯರಿಗಿರಲಿ. ನಮಗೆ ಮೈದಾನ ಕೊಡಿ, ಶಿಬಿರಕ್ಕೆ ಬಂದವರೆಲ್ಲ ಅಲ್ಲಿ ಆಡುತ್ತೇವೆ. ಹೆಜ್ಜೆ ತಪ್ಪುವವರೂ ಇರುತ್ತಾರೆ. ವಿಡಿಯೊ ಅಷ್ಟು ಅಚ್ಚುಕಟ್ಟಾಗಿ ಬಾರದಿರಬಹುದು.

ಈಗ ಕೆಲಸದ ಮಾತು. ದಿನಾ ಸಂಜೆ 5 ಗಂಟೆಗೆ ಧ್ವಜಸ್ತಂಭದ ಹತ್ತಿರ ಸೇರೋಣ. ಹೊಲದಿಂದ ತಡವಾಗಿ ಬರುವವರು ಬಂದ ಹೊತ್ತಿಗೆ ಸುತ್ತಿನೊಳಗೆ ಸೇರಿಕೊಳ್ಳಿ, ಜಾಗ ಮಾಡಿಕೊಡುತ್ತೇವೆ. ಉಂಗುರ, ಗಾಜಿನ ಬಳೆ ತೆಗೆದಿಟ್ಟು ಬನ್ನಿ. ಮೊದಲ ದಿನ ಬೆರಳಿಗೆ ಒಂದೆರಡು ಪೆಟ್ಟು ಬಿದ್ದೇ ಬೀಳುತ್ತದೆ. ಕೋಲನ್ನು ತುದಿಯ ಹತ್ತಿರ ಹಿಡಿದರೆ ಅದೂ ಕಡಿಮೆಯಾಗುತ್ತದೆ. ಕೋಲಿಲ್ಲದವರು ಚಿಂತಿಸಬೇಡಿ, ವಿಜ್ಞಾನ ಕೊಠಡಿಯಲ್ಲಿ 40 ಜೊತೆ ಸಿದ್ಧವಾಗಿವೆ.